ಗಿಳಿ, ಹೊಸ್ತಿಲು, ಮಳೆ

ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸನ ಕಥೆಯನ್ನು ಜಯನಗರದ ಮಕ್ಕಳು ಈಗ ಅಜ್ಜಿಯ ಬಾಯಲ್ಲಿ ಕೇಳುವುದಿಲ್ಲ, ಹ್ಯಾರಿ ಪಾಟರ್‌ನಲ್ಲಿ ಓದುತ್ತಾರೆ. ವೋಲ್ಡೆಮಾರ್ಟ್ ಆತ್ಮವನ್ನು ತುಂಡರಿಸಿ ಡೈರಿಯಲ್ಲಿ, ಉಂಗುರದಲ್ಲಿ, ಹಾವಿನಲ್ಲಿ ಅಡಗಿಸುತ್ತಾನೆ. ಗಿಳಿಗಳ ಸಂಖ್ಯೆ ಹೆಚ್ಚಿದೆ, ಅಷ್ಟೆ. ಗಿಳಿ ಸಿಕ್ಕಿದೊಡನೆ ಕಥೆ ಮುಗಿದುಹೋಗುವುದು ಈ ಬಗೆಯ ಕಥೆಗಳ ದೋಷ. ಆದರೆ ನಮ್ಮ ಜನಪದ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಗುಟ್ಟನ್ನು ಹೊರಗೆಡಹುವವನು ರಾಕ್ಷಸನೇ. ಸೆರೆಯಲ್ಲಿಟ್ಟ ಹುಡುಗಿ ಅಕ್ಕರೆಯಿಂದೆಂಬಂತೆ ಕೇಳುತ್ತಾಳೆ, ಅವನು ಕರಗಿ ಹೇಳಿಬಿಡುತ್ತಾನೆ. ಗಿಳಿಯ ಕತ್ತು ಮುರಿಯುವುದು ಆಮೇಲಿನ ಮಾತು.

ಪುರಾಣದಲ್ಲಿ ಗಿಳಿಯ ಜಾಗಕ್ಕೆ ವರ ಬರುತ್ತದೆ. ಹಿರಣ್ಯಕಶಿಪು ಕೇಳಿಕೊಂಡ ವರ ಒಳ್ಳೆಯ ವಕೀಲ ಬರೆದ ಕರಾರುಪತ್ರದಂತಿದೆ: ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಮೃಗದಿಂದಲ್ಲ. ಉತ್ತರವೂ ಅಷ್ಟೇ ಚುರುಕು: ಮುಸ್ಸಂಜೆ, ಹೊಸ್ತಿಲು, ನರಸಿಂಹ. ಒಗಟಾಗಿ ಇದನ್ನು ಮೀರಿಸಿದ್ದಿಲ್ಲ. ಆದರೂ 1983ರ ‘ಭಕ್ತ ಪ್ರಹ್ಲಾದ’ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಒಗಟಲ್ಲ, ಹಿರಣ್ಯಕಶಿಪುವಾಗಿ ಅಬ್ಬರಿಸಿದ ರಾಜಕುಮಾರ್. ರಾವಣನ ವರ ಇಷ್ಟು ಜಾಣತನದ್ದಲ್ಲ, ಕಥೆಯಾಗಿ ಮಾತ್ರ ಹೆಚ್ಚು ತೂಕದ್ದು. ಮನುಷ್ಯರಿಂದ ಸಾವು ಬಾರದಿರಲಿ ಎಂದು ಅವನು ಕೇಳಲೇ ಇಲ್ಲ. ಅವರು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ವರದಲ್ಲಿ ಉಳಿದ ಆ ಸಂದಿ ಅವನ ತಾತ್ಸಾರವೇ ಕೊರೆದದ್ದು. ಜೈನ ಕವಿ ನಾಗಚಂದ್ರ ಇನ್ನೂ ಮುಂದೆ ಹೋದ. ಅವನ ರಾವಣ ಸೀತೆಯ ನಿಷ್ಠೆ ಕಂಡು ಮನಸ್ಸು ಬದಲಿಸುತ್ತಾನೆ. ಅವಳನ್ನು ಒಪ್ಪಿಸಲೂ ಸಿದ್ಧ, ಆದರೆ ಈಗಲೇ ಒಪ್ಪಿಸಿದರೆ ಹೇಡಿ ಎಂದಾರು. ಮೊದಲು ಯುದ್ಧ ಗೆಲ್ಲಬೇಕು. ಕೊನೆಗೆ ಅವನ ಚಕ್ರವೇ ಲಕ್ಷ್ಮಣನ ಕೈಸೇರಿ ಅವನನ್ನು ಕೊಲ್ಲುತ್ತದೆ. ತಿದ್ದಿಕೊಂಡ ಮೇಲೂ ಸೋಲುವ ಖಳನನ್ನು ನಾನು ಬೇರೆಡೆ ಅಷ್ಟಾಗಿ ಕಂಡಿಲ್ಲ.

ಇಷ್ಟೆಲ್ಲದರಲ್ಲೂ ಪ್ರಶ್ನೆ ಒಂದೇ: ಖಳನನ್ನು ಕೊಲ್ಲುವುದು ಹೇಗೆ? ಅವನು ತಡೆಹಿಡಿದದ್ದು ಏನು ಎಂದು ಕೇಳುವ ಕಥೆಗಳು ನನಗೆ ಹೆಚ್ಚು ಪ್ರಿಯ. ರಾಹುಕಾಲದಲ್ಲಿ ಬೆಂಗಳೂರಿನ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಸಾಲುಗಟ್ಟುವ ಹೆಂಗಸರು ಬೇಡಿಕೊಳ್ಳುವ ದೇವಿ ಶಾಕಂಭರಿ, ದುರ್ಗಮಾಸುರನನ್ನು ಕೊಂದವಳು. ದುರ್ಗಮ ವೇದಗಳನ್ನೇ ವಶಮಾಡಿಕೊಂಡ. ಯಜ್ಞ ನಿಂತಿತು, ಮಳೆ ನಿಂತಿತು, ನೂರು ವರ್ಷ ಬರ. ದೇವಿ ಬಂದವಳೇ ಆಯುಧ ಎತ್ತಲಿಲ್ಲ. ಮೊದಲು ಅತ್ತಳು, ಕಣ್ಣೀರು ಮಳೆಯಾಯಿತು. ಮೈಯಿಂದ ಸೊಪ್ಪು ತರಕಾರಿ ಬೆಳೆದು ಹಸಿದವರಿಗೆ ಉಣಿಸಿದಳು. ಕೊಂದದ್ದು ಆಮೇಲೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ 108 ಬಗೆಯ ಪಲ್ಯದ ನೈವೇದ್ಯವಿದೆ. ಜನ ನೆನಪಿಟ್ಟುಕೊಂಡದ್ದು ಊಟವನ್ನು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಬೆಂಗಳೂರಿಗರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಜೆ.ಪಿ. ನಗರದಲ್ಲಿ ಬಾಳಿದ ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯಲ್ಲೂ ಬರಗಾಲವೇ. ನಾಟಕದೊಳಗಿನ ನಾಟಕದಲ್ಲಿ ನಾಯಕ ಅರವಸು ವೃತ್ರನ ಮುಖವಾಡ ತೊಡುತ್ತಾನೆ, ನೀರನ್ನು ತಡೆದವನೆಂದು ವೇದ ಹೇಳುವ ವೃತ್ರ. ಇಲ್ಲಿ ಮೋಸ ಮಾಡುವವನು ಇಂದ್ರ, ರೊಚ್ಚಿಗೇಳುವವನು ಅಸುರ. ಖಳ ಯಾರೆಂಬ ಗೆರೆಯನ್ನೇ ಕಾರ್ನಾಡರು ಅಳಿಸುತ್ತಾರೆ. ಸೇಡಿಗಾಗಿ ಎಬ್ಬಿಸಿದ ಬ್ರಹ್ಮರಾಕ್ಷಸನನ್ನು ಯಾವ ಅಸ್ತ್ರವೂ ಕೊಲ್ಲುವುದಿಲ್ಲ. ಅವನು ಬೇಡುವುದು ಬಿಡುಗಡೆ. ಇಂದ್ರ ವರ ಕೊಡಲು ಬಂದಾಗ ಅರವಸುವಿಗೆ ಬೇಕಾದದ್ದು ಸತ್ತ ನಿತ್ತಿಲೆ, ಬೇಟೆಗಾರರ ಹುಡುಗಿ. ಅವಳನ್ನು ಎಬ್ಬಿಸಿದರೆ ಕಾಲಚಕ್ರ ಹಿಂದಕ್ಕೆ ತಿರುಗಿ ಆದದ್ದೆಲ್ಲ ಮತ್ತೆ ಆಗುತ್ತದೆ, ಬ್ರಹ್ಮರಾಕ್ಷಸನಿಗೆ ಮುಕ್ತಿಯಿಲ್ಲ. ಒಂದನ್ನು ಆರಿಸಬೇಕು. ಇದುವರೆಗೆ ವರ ಎಂದರೆ ಖಳನ ರಕ್ಷೆ. ಈಗ ಅದು ನಾಯಕ ತೆರಬೇಕಾದ ಬೆಲೆ. ಅವನು ರಾಕ್ಷಸನ ಬಿಡುಗಡೆ ಕೇಳುತ್ತಾನೆ. ಮಳೆ ಬರುತ್ತದೆ, ನಿತ್ತಿಲೆಯ ಹೆಣವೂ ನೆನೆಯುತ್ತದೆ.