ಸುಂಕದ ಕಟ್ಟೆ ಮತ್ತು ಭೂಮಿ ಹುಣ್ಣಿಮೆ: ಗುಡವಿ ಸೀಮೆಯ ಜಾನಪದ ಅಧ್ಯಯನದ ಒಂದು ಕೊರತೆ

ಸೊರಬ ತಾಲ್ಲೂಕಿನ ಗುಡವಿ ಹೊರಗಿನವರಿಗೆ ಪಕ್ಷಿಧಾಮದಿಂದ ಪರಿಚಿತ. ಜಾನಪದ ವಿದ್ವಾಂಸರಿಗೆ ಆ ಸೀಮೆ ಪರಿಚಿತವಾಗಿರುವುದು ದೀವರ ಹಸೆ ಚಿತ್ತಾರ ಹಾಗೂ ಭೂಮಿ ಹುಣ್ಣಿಮೆಗಳಿಂದ. ಈ ಕುರಿತ ಬರಹಗಳಲ್ಲಿ ಹಳ್ಳಿಯನ್ನು ಸ್ವಯಂಪೂರ್ಣ ಘಟಕವೆಂದು ಭಾವಿಸುವ ಒಲವು ಪ್ರಬಲವಾಗಿದೆ. ಆಚರಣೆ ಕ್ಷೀಣಿಸಿದರೆ ಕಾರಣವನ್ನು ನಗರೀಕರಣದಲ್ಲಿ, ದೂರದರ್ಶನದಲ್ಲಿ ಹುಡುಕಲಾಗುತ್ತದೆ. ಬಂದರಿನ ಸುಂಕದ ಕಟ್ಟೆಯತ್ತ ದೃಷ್ಟಿ ಹೊರಳುವುದಿಲ್ಲ. ಇದು ಸಣ್ಣ ಲೋಪವಲ್ಲ.

ಮಲೆನಾಡು ಎಂದೂ ಹೊರಜಗತ್ತಿಗೆ ಬಾಗಿಲು ಮುಚ್ಚಿರಲಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದದ್ದು ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ. ಆ ಸಂಬಂಧದ ತಳದಲ್ಲಿದ್ದುದು ಕಾಳುಮೆಣಸು. ಇಂದು ಆ ಸ್ಥಾನ ಅಡಿಕೆಯದು. 2001ರ ಏಪ್ರಿಲ್ 1ರಂದು ಭಾರತವು ಆಮದಿನ ಮೇಲೆ ಉಳಿದಿದ್ದ ಪರಿಮಾಣ ನಿರ್ಬಂಧಗಳನ್ನು ತೆಗೆದ ಮೇಲೆ ರಕ್ಷಣೆಯ ಭಾರ ಸುಂಕದ ಮೇಲೆ ಬಿದ್ದಿತು. ಅಡಿಕೆಗೆ ಶೇ. 100ರ ಸುಂಕದ ಜೊತೆಗೆ ಕನಿಷ್ಠ ಆಮದು ಬೆಲೆಯೂ ಸೇರಿತು: ಕಿಲೋ ಒಂದಕ್ಕೆ 2017ರಲ್ಲಿ 251 ರೂ., 2023ರ ಫೆಬ್ರವರಿಯಲ್ಲಿ 351 ರೂ. ಅದಕ್ಕಿಂತ ಅಗ್ಗದ ಅಡಿಕೆಗೆ ಪ್ರವೇಶವಿಲ್ಲ. ಈ ಕಟ್ಟೆಗೂ ರಾಜತಾಂತ್ರಿಕ ಕಂಡಿಯುಂಟು. 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಈ ಷರತ್ತಿಲ್ಲದೆ ಅನುಮತಿ ದೊರೆಯಿತು.

ರಕ್ಷಣೆ ಬೆಳೆಗಾರನಿಗೆ ಅನಗತ್ಯವೆಂಬುದು ಇಲ್ಲಿನ ವಾದವಲ್ಲ. ಆದರೆ ಅದರ ಫಲ ಹಿಡುವಳಿಯ ಗಾತ್ರವನ್ನು ಅನುಸರಿಸುತ್ತದೆ. ಸುಲಿದ ಅಳತೆಯ ಮೇಲೆ ಕೂಲಿ ಪಡೆಯುವ ಹೆಂಗಸರಿಗೆ ಅದು ತಾನಾಗಿ ತಲುಪುವುದಿಲ್ಲ. ಇನ್ನೊಂದು ಪರಿಣಾಮ ಗದ್ದೆಯಲ್ಲಿ ಕಾಣುತ್ತದೆ. ಬತ್ತಕ್ಕೂ ಬೆಂಬಲ ಬೆಲೆಯಿದೆ. ಎಕರೆಯ ಆದಾಯದಲ್ಲಿ ಅದು ಅಡಿಕೆಗೆ ಸರಿದೊರೆಯಾಗದು. ಸೊರಬದ ಗದ್ದೆಗಳು ತೋಟಗಳಾದುದಕ್ಕೆ ಇದು ಮುಖ್ಯ ಕಾರಣ. ಕಾಗೋಡು ಸತ್ಯಾಗ್ರಹ (1951) ಹಾಗೂ ಭೂಸುಧಾರಣೆಯ ನಂತರ ಗೇಣಿದಾರನಿಂದ ಒಡೆಯನಾದ ದೀವರ ರೈತ ಅಡಿಕೆ ನೆಟ್ಟರೆ ಅವನನ್ನು ಸಂಪ್ರದಾಯಭ್ರಷ್ಟನೆನ್ನುವುದು ವಿದ್ವತ್ತಿನ ದರ್ಪವಷ್ಟೇ.

ಭೂಮಿ ಹುಣ್ಣಿಮೆ ತೆನೆಗಟ್ಟುವ ಪೈರನ್ನು ಬಸುರಿಯೆಂದು ಭಾವಿಸಿ ಬಯಕೆ ತೀರಿಸುವ ಆಚರಣೆ. ತೋಟದಲ್ಲಿಯೂ ಪೂಜೆ ನಡೆಯುವುದುಂಟು. ಆದರೆ ವರ್ಷವರ್ಷವೂ ಬಿತ್ತಿ ಬಸುರಾಗುವ ಭೂಮಿಯ ರೂಪಕ ಗದ್ದೆಗೆ ಸೇರಿದುದು, ದಶಕಗಳ ಕಾಲ ನಿಲ್ಲುವ ಮರಕ್ಕಲ್ಲ. ಚಿತ್ತಾರದ ಬುಟ್ಟಿಗಳನ್ನು ಸಂಗ್ರಹಿಸುವವರು ಗೆರೆ, ಬಣ್ಣ, ವಿನ್ಯಾಸಗಳನ್ನು ದಾಖಲಿಸುತ್ತಾರೆ. ಆ ಮನೆಯಲ್ಲಿ ಗದ್ದೆ ಉಳಿದಿದೆಯೇ ಎಂದು ಕೇಳುವುದಿಲ್ಲ. ಗದ್ದೆಯೆಲ್ಲ ತೋಟವಾದ ಮನೆಯಲ್ಲಿ ಕೆಮ್ಮಣ್ಣಿನ ಮೇಲೆ ಬಿಳಿಗೆರೆ ಎಳೆಯಲು ಅರೆಯುವ ಅಕ್ಕಿ ಅಂಗಡಿಯಿಂದ ಬರುತ್ತದೆ.