ಶ್ರುತಿ ಹಿಡಿದ ಕಿರಣ

ಕ್ಷ-ಕಿರಣ ಲೇಸರ್ ಎಂದೊಡನೆ ಎಲ್ಲರೂ ಹೊಗಳುವುದು ಅದರ ಪ್ರಖರತೆಯನ್ನು. 2009ರಲ್ಲಿ ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್ ಯಂತ್ರ 1.5 ಆಂಗ್‌ಸ್ಟ್ರಾಮ್ ತರಂಗಾಂತರದ ಕಿರಣ ಚಿಮ್ಮಿಸಿದಾಗಲೂ, 2017ರಲ್ಲಿ ಹ್ಯಾಂಬರ್ಗ್‌ನ 3.4 ಕಿಲೋಮೀಟರ್ ಉದ್ದದ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಬಳಕೆಗೆ ತೆರೆದಾಗಲೂ ಮಾತೆಲ್ಲ ಅದರದ್ದೇ. ಪ್ರಖರತೆ ನಿಜ, ಸಂಶಯವಿಲ್ಲ. ಆದರೆ ಲೇಸರ್‌ನಿಂದ ಬಯಸುವ ಇನ್ನೊಂದು ಗುಣ, ಮಿಂಚಿನ ತುದಿಯಿಂದ ತುದಿಯವರೆಗೆ ಅಲೆಗಳು ಹೆಜ್ಜೆ ತಪ್ಪದೆ ಸಾಗುವ ಸಂಸಕ್ತತೆ, ಅಲ್ಲಿ ಅರೆಬರೆ.

ದೋಷ ಹುಟ್ಟಿನಲ್ಲೇ ಇದೆ. ಬೆಳಕಿನ ವೇಗಕ್ಕೆ ತೀರ ಸಮೀಪ ಓಡುವ ಎಲೆಕ್ಟ್ರಾನುಗಳನ್ನು, ಧ್ರುವಗಳು ಅದಲುಬದಲಾಗಿ ಜೋಡಿಸಿರುವ ಅಯಸ್ಕಾಂತಗಳ ಸಾಲಿನಲ್ಲಿ ಹಾಯಿಸುತ್ತಾರೆ. ಅಂಕುಡೊಂಕಾಗಿ ಸಾಗುತ್ತ ಅವು ಬೆಳಕು ಸೂಸುತ್ತವೆ. ಆ ಬೆಳಕೇ ಅವನ್ನು ತರಂಗಾಂತರಕ್ಕೊಂದರಂತೆ ಪದರಪದರವಾಗಿ ಕೂಡಿಸುತ್ತದೆ. ಕೂಡಿದಷ್ಟೂ ಬೆಳಕು ಹೆಚ್ಚುತ್ತದೆ. ಆದರೆ ಮೊದಲ ಕಿಡಿ ಹೊತ್ತುವುದು ಎಲೆಕ್ಟ್ರಾನುಗಳ ಗೊತ್ತುಗುರಿಯಿಲ್ಲದ ಗದ್ದಲದಿಂದ. ಶ್ರುತಿಪೆಟ್ಟಿಗೆಯಿಲ್ಲದೆ ಶುರುವಾದ ಭಜನೆಯ ಹಾಗೆ: ಅಕ್ಕಪಕ್ಕದವರು ಹೊಂದಿಕೊಂಡರೂ ಮುಂದಿನ ಸಾಲಿನದೇ ಒಂದು ಶ್ರುತಿ, ಹಿಂದಿನ ಸಾಲಿನದೇ ಇನ್ನೊಂದು. ಹೀಗಾಗಿ ಪ್ರತಿ ಮಿಂಚಿನ ವರ್ಣಪಟಲವೂ ಮುಳ್ಳುಮುಳ್ಳಾಗಿರುತ್ತದೆ, ಒಂದರಂತೆ ಇನ್ನೊಂದಿಲ್ಲ.

ಇಟಲಿಯ ಟ್ರಿಯೆಸ್ಟೆಯಲ್ಲಿರುವ ಫರ್ಮಿ ಯಂತ್ರದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಸುಮಾರು 260 ನ್ಯಾನೊಮೀಟರ್‌ನ ಅತಿನೇರಳೆ ಲೇಸರ್ ಮೊದಲು ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಕ್ರಮವಾದ ಏರಿಳಿತ ಮೂಡಿಸುತ್ತದೆ. ಆಮೇಲೆ ಅಯಸ್ಕಾಂತಗಳ ಬಳಸುದಾರಿ. ಶಕ್ತಿ ಹೆಚ್ಚಿದ್ದವು ಕಡಿಮೆ ಬಾಗಿ ಮುಂದಾಗುತ್ತವೆ, ಉಳಿದವು ಹಿಂದಾಗುತ್ತವೆ, ಏರಿಳಿತವೆಲ್ಲ ಚೂಪಾದ ಪದರಗಳಾಗುತ್ತದೆ. ಆ ಪದರಗಳು ಮೂಲ ಲೇಸರ್‌ನ ಹತ್ತರಲ್ಲೊಂದು, ಇಪ್ಪತ್ತರಲ್ಲೊಂದು ಪಾಲಿನ ತರಂಗಾಂತರದಲ್ಲಿ ಬೆಳಗುತ್ತವೆ, ಅದರ ಶಿಸ್ತನ್ನು ಉಳಿಸಿಕೊಂಡೇ. ಇದರಿಂದ ಏನು ಸಿಕ್ಕಿತು? 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡು ತರಂಗಾಂತರಗಳ ಅಲೆಗಳ ನಡುವಿನ ಹೆಜ್ಜೆಯ ಅಂತರವನ್ನು ಕೆಲವೇ ಅಟೊಸೆಕೆಂಡುಗಳ ನಿಖರತೆಯಲ್ಲಿ ಸರಿಸಿ, ನಿಯಾನ್ ಪರಮಾಣುವಿನಿಂದ ಹೊರಬೀಳುವ ಎಲೆಕ್ಟ್ರಾನುಗಳು ಯಾವ ಕಡೆ ಹೆಚ್ಚು ಹೋಗಬೇಕೆಂದು ಅಲ್ಲಿ ನಿರ್ಧರಿಸಲಾಯಿತು. ಗದ್ದಲದಿಂದ ಹುಟ್ಟಿದ ಮಿಂಚಿನಲ್ಲಿ ಈ ಹಿಡಿತ ಸಿಗುವುದಿಲ್ಲ.

ಬೆಲೆಯೂ ಇದೆ. ತರಂಗಾಂತರ ಕುಗ್ಗಿಸಿದಷ್ಟೂ ಮೂಲ ಲೇಸರ್‌ನ ಸಣ್ಣ ಕುಂದುಗಳು ಬೆಳೆಯುತ್ತವೆ. ಇನ್ನೂ ಕಿರಿದಾದ ತರಂಗಾಂತರಕ್ಕೆ ಇಳಿಯಲು ಎರಡು ಲೇಸರ್ ಬಳಸುವ ‘ಎಕೊ’ ವಿಧಾನವನ್ನು 2009ರಲ್ಲಿ ಗೆನ್ನಡಿ ಸ್ಟುಪಕೊವ್ ಸೂಚಿಸಿದರು. ಫರ್ಮಿಯಲ್ಲಿ ಅದು 5.9 ನ್ಯಾನೊಮೀಟರ್‌ವರೆಗೆ ತಲುಪಿದ್ದು 2019ರ ವರದಿಯಲ್ಲಿ. ಆಂಗ್‌ಸ್ಟ್ರಾಮ್ ಇನ್ನೂ ದೂರ. ಮಿಂಚುಗಳ ಸಂಖ್ಯೆಯಲ್ಲೂ ಹೋಲಿಕೆಯಿಲ್ಲ: ಹ್ಯಾಂಬರ್ಗ್‌ನಲ್ಲಿ ಸೆಕೆಂಡಿಗೆ 27,000, ಇಲ್ಲಿ 50.

ಪ್ರೋಟೀನ್ ಸ್ಫಟಿಕದ ಚಿತ್ರ ತೆಗೆಯುವವರಿಗೆ ಹ್ಯಾಂಬರ್ಗ್ ಸಾಕು, ಅವರಿಗೆ ಬೇಕಿರುವುದು ಫೋಟಾನುಗಳ ಮಳೆ. ಪರಮಾಣುವಿನೊಳಗಿನ ಎಲೆಕ್ಟ್ರಾನನ್ನು ಹಿಡಿತಕ್ಕೆ ತರಲು ಹೊರಟವರು ಮಾತ್ರ ಟ್ರಿಯೆಸ್ಟೆಗೇ ಬರಬೇಕು. ಮಿಂಚುಗಳನ್ನು ಎಣಿಸಿ ಯಂತ್ರಗಳಿಗೆ ಅಂಕ ಕೊಡುವ ಈಗಿನ ರೂಢಿಯಲ್ಲಿ ಫರ್ಮಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.