ನೀಲಿ ನರಿ ಕೂಗಿದ್ದು ಯಾಕೆ?

ಮಕ್ಕಳ ಚಿತ್ರಕತೆಗಳಲ್ಲಿ ನೀಲಿ ನರಿಯಷ್ಟು ಸಲ ಸತ್ತ ಪ್ರಾಣಿ ಇನ್ನೊಂದಿರಲಾರದು. ನಾಯಿಗಳು ಅಟ್ಟಿಸಿಕೊಂಡು ಬಂದವು, ನರಿ ಬಣ್ಣದ ಬಾನಿಗೆ ಬಿತ್ತು, ನೀಲಿಯಾಯಿತು, ಕಾಡಿಗೆ ರಾಜನಾಯಿತು, ಒಂದು ದಿನ ಕೂಗಿತು, ಸತ್ತಿತು. ಕೊನೆಯ ಚೌಕದಲ್ಲಿ ನೀತಿ: ವೇಷ ಬಹಳ ದಿನ ನಡೆಯದು. ಮೇಷ್ಟ್ರು ಓದಿಸುತ್ತಾರೆ, ಮಕ್ಕಳು ನಗುತ್ತಾರೆ. ಕೇರಿಯಿಂದ ಬಂದ ಹುಡುಗನೂ ನಗುತ್ತಾನೆ. ನನಗೆ ಕಸಿವಿಸಿ ಶುರುವಾಗೋದು ಆ ನಗೆಯಲ್ಲೇ.

ಈ ಕತೆ ಹೇಳಿದ್ದು ಯಾರು? ಸಂಸ್ಕೃತ ಪಂಚತಂತ್ರದ ಮಿತ್ರಭೇದದಲ್ಲಿ ಇದನ್ನು ಹೇಳುವವನು ದಮನಕ. ಅವನೂ ನರಿಯೇ. ಮಂತ್ರಿಯ ಮಗ, ಕೈತಪ್ಪಿದ ಅಧಿಕಾರಕ್ಕೆ ಹೊಂಚು ಹಾಕಿ ಕೂತವನು. ಹೊರಗಿನಿಂದ ಬಂದ ಎತ್ತು ಸಂಜೀವಕ ಸಿಂಹಕ್ಕೆ ಹತ್ತಿರವಾಯಿತಲ್ಲ ಎಂಬ ಹೊಟ್ಟೆಯುರಿ ಅವನಿಗೆ. ಒಳಗಿನವರನ್ನು ಬಿಟ್ಟು ಹೊರಗಿನವರನ್ನು ಕಟ್ಟಿಕೊಂಡವನು ಸಾಯ್ತಾನೆ ಅಂತ ಸಿಂಹದ ತಲೆ ಕೆಡಿಸಲು ಈ ಕತೆ ಹೇಳ್ತಾನೆ. ಕೊನೆಗೆ ಎತ್ತು ಸಾಯುತ್ತದೆ, ದಮನಕ ಮಂತ್ರಿಯಾಗುತ್ತಾನೆ. ಅಂದರೆ ಇದು ನೀತಿಯಲ್ಲ, ಚಾಡಿ. ಚಿತ್ರಕತೆಯವರು ದಮನಕನನ್ನು ಕಿತ್ತುಹಾಕಿ ಚಾಡಿಯನ್ನು ಮಾತ್ರ ಉಳಿಸಿಕೊಂಡರು. ನಾಲ್ಕು ಪುಟದಲ್ಲಿ ಅಷ್ಟೆಲ್ಲ ಹಿಡಿಸೋದಿಲ್ಲ ಅಂದಾರು. ಕೊನೆಯ ನೀತಿಗೆ ಮಾತ್ರ ಜಾಗ ಹೇಗೋ ಸಿಗುತ್ತದೆ!

1967ರಲ್ಲಿ ಅನಂತ ಪೈ ಶುರುಮಾಡಿದ ಅಮರ ಚಿತ್ರಕಥೆ ಪಂಚತಂತ್ರ, ಜಾತಕಗಳನ್ನು ಮಧ್ಯಮವರ್ಗದ ಮನೆಮನೆಗೆ ಮುಟ್ಟಿಸಿತು. 1980ರಲ್ಲಿ ಬಂದ ಟಿಂಕಲ್‌ನಲ್ಲಿ ಕಾಲಿಯಾ ಎಂಬ ಕಾಗೆಯೇ ಜಾಣ. ಕಪ್ಪು ಹಕ್ಕಿ ಗೆದ್ದದ್ದು ನನಗೂ ಖುಷಿಯೇ. ಆದರೆ ಅಲ್ಲೂ ನರಿ ಖಳನೇ.

ಮೂಲದಲ್ಲಿ ನರಿ ಊರಿಗೆ ಬಂದದ್ದು ಹಸಿವಿನಿಂದ. ರಾಜನಾದ ಮೇಲೆ ಸಿಂಹಕ್ಕೆ ಮಂತ್ರಿಗಿರಿ, ಚಿರತೆಗೆ ಎಲೆಯಡಿಕೆ ಪೆಟ್ಟಿಗೆ, ಆನೆಗೆ ಬಾಗಿಲು ಕಾಯುವ ಕೆಲಸ ಕೊಟ್ಟಿತು. ತನ್ನ ಕುಲದ ನರಿಗಳನ್ನು ಮಾತ್ರ ಕತ್ತು ಹಿಡಿದು ಹೊರಕ್ಕೆ ದಬ್ಬಿಸಿತು. ನಮಗೆ ಚುಚ್ಚಬೇಕಾದ ಚೌಕ ಇದು. ಪೇಟೆಯಲ್ಲಿ ಬಾಡಿಗೆ ಮನೆಗಾಗಿ ಜಾತಿ ಮುಚ್ಚಿಟ್ಟವರನ್ನು ನಾನು ಹಳಿಯಲಾರೆ. ಅವರನ್ನು ಆ ಬಾನಿಗೆ ಅಟ್ಟಿದ ನಾಯಿಗಳು ಬೇರೆ ಇವೆ. ಆದರೆ ಮೀಸಲು ಕ್ಷೇತ್ರದಲ್ಲಿ ಗೆದ್ದು ಕೇರಿಯ ದಾರಿ ಮರೆತವರು?

ಇನ್ನು ಆ ಕೂಗು. ದೂರದ ನರಿಗಳ ದನಿ ಕೇಳಿದ್ದೇ ತಡ, ಅದರ ಮೈ ನವಿರೇಳುತ್ತದೆ, ಕಣ್ಣಲ್ಲಿ ಆನಂದದ ನೀರು ತುಂಬುತ್ತದೆ, ಎದ್ದು ನಿಂತು ಕೂಗುತ್ತದೆ. ದಡ್ಡ ರಾಜಕುಮಾರರಿಗೆ ರಾಜನೀತಿ ಕಲಿಸಲು ಹೊರಟ ಪುಸ್ತಕಕ್ಕೂ ಆ ಕಣ್ಣೀರನ್ನು ಬಿಡಲಾಗಲಿಲ್ಲ. ನಾನು ನೋಡಿದ ಚಿತ್ರಕತೆಗಳಲ್ಲಿ ಅದಿಲ್ಲ. ಮಾತಿನ ಗುಳ್ಳೆಯೊಳಗೆ 'ಊ... ಊ' ಅಂತಿದೆ, ಪಕ್ಕದಲ್ಲಿ ಹಲ್ಲು ಕಿರಿದ ಸಿಂಹ. ತನ್ನವರ ದನಿಗೆ ಓಗೊಟ್ಟದ್ದು ಪೆದ್ದತನವಾಗಿಬಿಟ್ಟಿದೆ.

ಹಳ್ಳಿಯ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಕೊನೆಯ ನೀತಿಯ ಸಾಲಿನ ಮೇಲೆ ಕಾಗದ ಅಂಟಿಸಿ, ನರಿ ಆಳಿದಷ್ಟು ದಿನ ಕಾಡಿಗೆ ಏನು ಕೇಡಾಯಿತು ಅಂತ ಮಕ್ಕಳನ್ನು ಕೇಳಲಿ. ಸಿಂಹ, ಹುಲಿ ತಂದಿಟ್ಟ ಬೇಟೆಯನ್ನು ಅದು ಎಲ್ಲರಿಗೂ ಹಂಚುತ್ತಿತ್ತು ಅಂತ ಮೂಲದಲ್ಲೇ ಇದೆ.